ಸ್ಥಳೀಯ ಅನುಭವ

ಬ್ಯಾಲರಾಟಿಗೆ ಬಂದಾಗ ನನ್ನ ಹೆಸರು ಉದ್ದವಿತ್ತು:
ಡಾಕ್ಟರ್ ಕಸ್ತೂರಬಾಯಿ ಹಳ್ಳಿಖೇಡ.
ಅರ್ಜಿಯ ಚೌಕಗಳೊಳಗೆ ಹಿಡಿಸದಷ್ಟು.
ಉದ್ಯೋಗ ಕೇಂದ್ರದ ಗ್ಲೆನಿಸ್, ಒಳ್ಳೆಯ ಹೆಂಗಸು,
ಪೆನ್ಸಿಲ್ಲಿನಿಂದ ಮೆಲ್ಲಗೆ ಗೀಟು ಹಾಕುತ್ತ ಬಂದಳು:
ಡಾಕ್ಟರ್ ತೆಗೆ, ಹೆದರುತ್ತಾರೆ.
ಹಳ್ಳಿಖೇಡ ತೆಗೆ, ನಾಲಿಗೆ ತಿರುಗುವುದಿಲ್ಲ.
ಬಾಯಿ ತೆಗೆ.
ನಾನು ಬಾಯಿ ತೆಗೆಯಲಿಲ್ಲ; ಅವಳೇ ತೆಗೆದಳು.
ಉಳಿದ ಕಸ್ತೂರಿಯಲ್ಲಿ ಪರಿಮಳವೆಲ್ಲ ಹೋಗಿ
'ಕಸ್' ಎಂದಾಯಿತು.
ಒಂದು ಸ್ವರ ಸೇರಿದರೆ ಏನಾಗುತ್ತದೆಂದು
ಅವಳಿಗೆ ಹೇಳಲು ಹೋಗಲಿಲ್ಲ.

ಹನ್ನೊಂದು ವರ್ಷ ಬೀದರ ಸೀಮೆಯ ಕೊಟ್ಟಿಗೆಗಳಲ್ಲಿ
ಭುಜದವರೆಗೆ ತೋಳಿಳಿಸಿ
ಅಡ್ಡ ಬಿದ್ದ ಕರುಗಳ ಕಾಲು ತಡಕಿದ್ದೇನೆ.
ದೇವಣಿ ಆಕಳು ನೋವಿನಲ್ಲಿ ಬಿಗಿದುಕೊಂಡಾಗ
ಮಣಿಕಟ್ಟು ನುರಿದಂತಾಗುತ್ತದೆ; ಆಗ ಜಗ್ಗಬಾರದು, ಕಾಯಬೇಕು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

"ಸ್ಥಳೀಯ ಅನುಭವ ಇದೆಯೇ?"
ಇಲ್ಲಿಯ ಹಸುವಿಗೂ ಹೊಟ್ಟೆ ನಾಲ್ಕೇ ಅಲ್ಲವೇ, ಎಂದೆ.
ಫೋನಿನಾಚೆ ನಕ್ಕರು. ನಕ್ಕು, ವಿಷಾದಿಸಿದರು.
ಮೂವತ್ತೇಳು ಪತ್ರಗಳು,
ಎಲ್ಲದರಲ್ಲೂ ವಿಷಾದ, ಎಲ್ಲೂ ಕಾಗುಣಿತ ತಪ್ಪಿಲ್ಲ.
ಇಲ್ಲಿಯ ಪರೀಕ್ಷೆ ಬರೆಯಬಹುದು, ಬಾಗಿಲು ತೆರೆದೇ ಇದೆ.
ಹೊಸ್ತಿಲಿನ ಎತ್ತರ ನನ್ನ ಬ್ಯಾಂಕ್ ಪುಸ್ತಕಕ್ಕೆ ಗೊತ್ತು.

ಈ ಊರನ್ನು ಒಂದು ಕಾಲಕ್ಕೆ ಚಿನ್ನಕ್ಕಾಗಿ ಅಗೆದಿದ್ದರಂತೆ.
ಈಗಲೂ ಪ್ರವಾಸಿಗರು ತಟ್ಟೆಯಲ್ಲಿ ಕೆಸರು ತೊಳೆದು
ಚೂರು ಹೊಳೆದರೆ ಕೂಗಿಕೊಳ್ಳುತ್ತಾರೆ.
ನಾವು ಸಂಜೆ ಆರರ ವ್ಯಾನಿನವರು ಕೂಗುವುದಿಲ್ಲ.
ಅಸ್ಮಾರದಲ್ಲಿ ಸೇತುವೆ ಕಟ್ಟಿಸಿದ ಬೆರ್ಹಾನೆ
ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ ಪೋಣಿಸುತ್ತಾನೆ:
"ನಲವತ್ತರ ಮೇಲೆ ಸಾಲು ಬಾಗುತ್ತದೆ,
ಇಲ್ಲೂ ಭಾರದ ಲೆಕ್ಕವೇ."
ಜಾಗೋರಿಯ ಮಾಸೂಮಾ ಹೇಳುತ್ತಾಳೆ,
ಕೆಲಸ ಪತ್ರಿಕೆಯಲ್ಲಿ ಬರುವುದಿಲ್ಲ,
ಚಿಕ್ಕಪ್ಪನ ಮಗನ ಕಾರಿನಲ್ಲಿ ಬರುತ್ತದೆ.
ನನಗೆ ಇಲ್ಲಿ ಚಿಕ್ಕಪ್ಪನಿಲ್ಲ.
ಮಾಸೂಮಾಳ ಚಿಕ್ಕಪ್ಪನ ಮಗನ ಕಾರಿನಲ್ಲೇ
ಈ ಕೆಲಸ ಬಂತು:
ಪ್ರಾಣಿಗಳ ಆಸ್ಪತ್ರೆ, ರಾತ್ರಿ ಏಳರಿಂದ ಹನ್ನೊಂದು,
ನೆಲ ಒರೆಸುವುದು.

ಆ ಗುರುವಾರ ಮೇಜಿನ ಮೇಲೆ ಕುರಿ ಕಾಯುವ ಕೆಂಚು ನಾಯಿ.
ಏನೋ ತಿಂದಿರಬೇಕು, ಎನ್ನುತ್ತಿದ್ದ ಲಕ್ಲನ್,
ಕಾಲೇಜು ಬಿಟ್ಟು ಎರಡು ವರ್ಷವಾಗಿರದ ಹುಡುಗ.
ಸೂಜಿ ಚುಚ್ಚಿದ ಮುಂಗಾಲಿನಿಂದ ಒಂದು ಹನಿ ಬಿತ್ತು.
ಒರೆಸಿದೆ.
ಅಲ್ಲೇ ಇನ್ನೊಂದು. ಒರೆಸಿದೆ.
ಮತ್ತೊಂದು.
ಗೋಡೆಯ ಗಡಿಯಾರ ನೋಡಿದೆ. ಎಂಟು ನಿಮಿಷ.
ಇಷ್ಟು ಸಣ್ಣ ತೂತು ಇಷ್ಟು ಹೊತ್ತು ಅಳಬಾರದು.
ನೆಲ ನೋಡುವವಳಿಗೆ ಮಾತ್ರ ಕಾಣುವ ರೋಗವದು.

ಆಗ ಬಾಯಿ ತೆಗೆದೆ.
"ನೆತ್ತರು ಹೆಪ್ಪುಗಟ್ಟುತ್ತಿಲ್ಲ. ಇಲಿಪಾಷಾಣವಿರಬೇಕು."

ಅವನು ನೆಲ ನೋಡಿದ, ನಾಯಿಯನ್ನು ನೋಡಿದ,
ಓಡಿ ಹೋಗಿ ಸರಿಯಾದ ಸೀಸೆಯನ್ನೇ ತಂದ.
ಆಮೇಲೆ, ಕೈ ತೊಳೆಯುತ್ತ: "ನಿನಗೆ ಹೇಗೆ ಗೊತ್ತಾಯಿತು, ಕಸ್?"
"ಊರಲ್ಲಿ ನಾಯಿ ಸಾಕಿದ್ದೆವು."

ಯಾಕೆ ಹಾಗೆಂದೆನೋ.
ಕೈಯಲ್ಲಿ ಮಾಪ್ ಇರುವಾಗ
ನಿಜವೂ ಬಡಾಯಿಯಂತೆ ಕೇಳುತ್ತದೆ.
ವ್ಯಾನಿನಲ್ಲಿ ಬೆರ್ಹಾನೆ ಬೈದ, ಅವನ ಭಾಷೆಯಲ್ಲಿ,
ಪೂರಾ ಅರ್ಥವಾಯಿತು.

ಮನೆಗೆ ಬಂದು ಹೊಸ ಅರ್ಜಿ ಬಿಡಿಸಿದೆ.
ಸ್ಥಳೀಯ ಅನುಭವ:
ಒಂದು ನಾಯಿ. ರಾತ್ರಿ ಒಂಬತ್ತೂವರೆ. ಬದುಕಿದೆ.
ಹೆಸರಿನ ಚೌಕಗಳು ಹದಿನಾರೇ ಇದ್ದವು.
ಡಾಕ್ಟರಿನಿಂದ ಹಳ್ಳಿಖೇಡದವರೆಗೆ ಬರೆಯುತ್ತ ಹೋದೆ,
ಅಂಚು ದಾಟಿ, ಹಾಳೆಯ ಬಿಳಿ ದಾಟಿ,
ಕೊನೆಯ ಅಕ್ಷರ ಮೇಜಿನ ಮರದ ಮೇಲೆ ಬಿತ್ತು.
ಈ ಸಲ ಬಾಯಿ ತೆಗೆಯಲಿಲ್ಲ.

ಮೂವತ್ತೆಂಟನೆಯ ಪತ್ರ ಇನ್ನೂ ಬಂದಿಲ್ಲ.